ಶಿದ್ರಾಮನ ಹೆಸರಿಗಿಟ್ಟ ಎಂಜಿನ್

"ಹುಕ್ಕೇರಿಗೆ ಹೋಗು. ಭರತೇಶ ಸಾವಕಾರ್ರ ಗುಜರಿ ಎಲ್ಲೈತಿ ಅಂತ ಕೇಳು. ನನ್ನ ಹೆಸರ ಹೇಳು" ಎಂದಿದ್ದ ಗೋಕಾಕಿನ ಲಗಮಣ್ಣ ಮಿಸ್ತ್ರಿ. ಇದರಲ್ಲಿ ಮೊದಲ ಎರಡು ಮಾತು ಶಿದ್ರಾಮನಿಗೆ ಸರಿಯಾಗಿಯೇ ಕೇಳಿಸಿದವು. ಮೂರನೆಯದು ಮಾತ್ರ ಹೊಟ್ಟೆಯೊಳಗೆ ಹೋಗಿ ಅಲ್ಲಿಯೇ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಿತು. ಹಳೆಯ ಎಂಜಿನ್ ಕೊಳ್ಳುವವನು ತಾನು, ರೊಕ್ಕ ಕೊಡುವವನು ತಾನು, ನಡುವೆ ಈ ಲಗಮಣ್ಣನ ಹೆಸರು ಯಾಕೆ? ಹೆಸರು ಹೇಳಿದ ಕೂಡಲೇ ಆ ಸಾವಕಾರ ಬೆಲೆ ಏರಿಸುತ್ತಾನೆ, ಏರಿಸಿದ್ದು ಸುತ್ತಿ ಬಳಸಿ ಲಗಮಣ್ಣನ ಕಿಸೆಗೆ ಬರುತ್ತದೆ. ಇದು ಎರಡನೇ ಇಯತ್ತೆಯ ಹುಡುಗನಿಗೂ ತಿಳಿಯುವ ವ್ಯವಹಾರ ಎಂದು ಶಿದ್ರಾಮ ತೀರ್ಮಾನಿಸಿದ.

ಮೇಲವಂಕಿಯ ಶಿದ್ರಾಮನನ್ನು ನೀವು ಕಂಡಿಲ್ಲ, ಆದ್ದರಿಂದ ಒಂದು ಮಾತು ಹೇಳಿಬಿಡಬೇಕು. ಮೊಸರಿನಲ್ಲಿ ಕಲ್ಲು ಹುಡುಕುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಶಿದ್ರಾಮ ಹಾಗಲ್ಲ. ಕಲ್ಲು ಸಿಗದಿದ್ದರೆ ಇದು ಮೊಸರೇ ಅಲ್ಲ ಎನ್ನುವವನು. ದೊಡ್ಡ ಫೋನು ಬ್ಯಾಂಕಿನಿಂದ ರೊಕ್ಕ ಹೀರುತ್ತದೆಂದು ಇನ್ನೂ ಗುಂಡಿ ಒತ್ತುವ ಸಾದಾ ಫೋನನ್ನೇ ಇಟ್ಟುಕೊಂಡಿದ್ದ. ಬಸ್ಸಿನಲ್ಲಿ ಕಿಸೆಗಳ್ಳರು ಇರುತ್ತಾರೆಂದು, ಗಾಡಿ ಇಲ್ಲದ ದಿನ ಲೈಸೆನ್ಸು, ಆಧಾರ್ ಕಾರ್ಡು ಎಲ್ಲವನ್ನೂ ಮನೆಯ ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಮೂರು ಸಲ ಜಗ್ಗಿ ನೋಡಿ ಹೊರಡುತ್ತಿದ್ದ.

ಅವನದೊಂದು ಸಣ್ಣ ಟೆಂಪೋ. ದಿನಾ ಬೆಳಿಗ್ಗೆ ಊರಿನ ಡೇರಿಯ ಹಾಲಿನ ಕ್ಯಾನುಗಳನ್ನು ಗೋಕಾಕಿಗೆ ಮುಟ್ಟಿಸುವ ಕೆಲಸ. ಕುರಿ ಕಾಯ್ದುಕೊಂಡು ಬಂದ ಮನೆತನದಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಮನುಷ್ಯ ತಾನು ಎಂಬ ಹೆಮ್ಮೆ ಬೇರೆ. ಹತ್ತು ದಿನಗಳ ಹಿಂದೆ ರೇಡಿಯೇಟರಿನ ನೀರೆಲ್ಲ ಸೋರಿ, ಎಂಜಿನ್ ಕಾದು, ಗಪ್ಪನೆ ಹಿಡಿದುಕೊಂಡು ನಿಂತಿತು. ಲಗಮಣ್ಣ ಬಿಚ್ಚಿ ನೋಡಿ, ಎಂಜಿನ್ನಿನ ಮೈಯೇ ಆದ ಬ್ಲಾಕು ಸೀಳಿದೆ, ಇದಕ್ಕೆ ರೊಕ್ಕ ಹಾಕುವುದೆಂದರೆ ಸತ್ತ ಎಮ್ಮೆಗೆ ಹಿಂಡಿ ತಿನ್ನಿಸಿದಂತೆ, ಗುಜರಿಯಲ್ಲಿ ಒಂದು ಒಳ್ಳೆಯ ಹಳೆಯ ಎಂಜಿನ್ ನೋಡಿ ತಾ, ಎರಡು ದಿನದಲ್ಲಿ ಹೊಸದರಂತೆ ಕಟ್ಟಿ ಕೂಡಿಸುತ್ತೇನೆ ಎಂದಿದ್ದ. ಅಲ್ಲಿಯತನಕ ಕ್ಯಾನುಗಳನ್ನು ಅದೇ ಊರಿನ ಯಲ್ಲೇಶನ ಗಾಡಿ ಹೊರುತ್ತಿತ್ತು. ಯಲ್ಲೇಶ ಒಂದು ದಿನವೂ ತಡ ಮಾಡಿರಲಿಲ್ಲ, ಅದೇ ಶಿದ್ರಾಮನಿಗೆ ದೊಡ್ಡ ಸಂಕಟ. ಸೋಮವಾರ ಬೆಳಿಗ್ಗೆ ನಿನ್ನ ಗಾಡಿ ಬಾಗಿಲಿಗೆ ಬರದಿದ್ದರೆ ಯಲ್ಲೇಶನನ್ನೇ ಕಾಯಂ ಮಾಡುತ್ತೇವೆ ಎಂದು ಡೇರಿಯವರು ಹೇಳಿಬಿಟ್ಟಿದ್ದರು. ಇವತ್ತು ಶುಕ್ರವಾರ. ಇವತ್ತು, ತಪ್ಪಿದರೆ ನಾಳೆ ಮುಂಜಾನೆ, ಎಂಜಿನ್ ಸಿಕ್ಕರೆ ಹಾಲಿನ ಕೆಲಸ ಉಳಿಯಿತು, ಇಲ್ಲದಿದ್ದರೆ ಹೋಯಿತು.

ಲಗಮಣ್ಣ ಹುಕ್ಕೇರಿಗೆ ಬೆನ್ನುಹತ್ತಿ ಬಂದಾನು ಎಂದು ಶಿದ್ರಾಮ ಅವನಿಗೆ, ಇವತ್ತು ಅರಭಾವಿಯಲ್ಲಿ ಬೀಗರ ಲಗ್ನವಿದೆ, ಎಂಜಿನ್ ವಿಷಯ ನಾಳೆ ನೋಡೋಣ ಎಂದು ಸುಳ್ಳು ಹೇಳಿದ. ಹೇಳಿ, ಅವನಿಂದಲೇ ಕಲಿತ ಪಾಠಗಳನ್ನು ಬಾಯಿಪಾಠ ಮಾಡುತ್ತ ಹುಕ್ಕೇರಿ ಬಸ್ಸು ಹತ್ತಿದ. ಆಯಿಲ್ ಮುಚ್ಚಳದ ಒಳಗೆ ಬೆಳ್ಳಗೆ ಮಜ್ಜಿಗೆಯಂಥದು ಕಂಡರೆ ನೀರು ಸೇರಿದೆ, ಬೇಡ. ಪಿಸ್ಟನ್ ಆಡುವ ಕೊಳವೆ, ಅಂದರೆ ಬೋರಿನ ಒಳಗೆ ಮೇಲಿನ ಅಂಚಿಗೆ ಉಗುರು ಎಳೆಯಬೇಕು. ಉಗುರು ತಡೆದರೆ ಸವೆದಿದೆ, ಜಾರಿದರೆ ಬಿಡಬಾರದು. ಪಿಸ್ಟನ್ನಿನ ತಲೆಯ ಮೇಲೆ ಅಂಕಿ ಕೊರೆದಿದ್ದರೆ ಅದು ಒಮ್ಮೆ ಸವೆದು ಕೊರೆಸಿ ಬೋರ್ ಮಾಡಿಸಿದ ಮಾಲು. ಬ್ಲಾಕನ್ನು ಬಡಿದು ನೋಡಬೇಕು. ಗಂಟೆಯ ಸಪ್ಪಳ ಬಂದರೆ ಗಟ್ಟಿ, ಒಡಕು ಸಪ್ಪಳ ಬಂದರೆ ಸೀಳು. ಪಾಠ ಕಲಿಸಿದವನ ಮೇಲೆ ನಂಬಿಕೆ ಇಲ್ಲದಿದ್ದರೂ ಪಾಠದ ಮೇಲೆ ಶಿದ್ರಾಮನಿಗೆ ನಂಬಿಕೆಯಿತ್ತು.

ಬಸ್ಸಿನಲ್ಲಿ ಅವನ ಪಕ್ಕಕ್ಕೆ ಬಂದು ಕೂತವನು ಯಲ್ಲಪ್ಪ ಕಾಕಾ. ದೂರದಿಂದ ಕಾಕಾ ಆಗಬೇಕು. ಮೂಡಲಗಿ ಸಂತೆಯಲ್ಲಿ ಕುರಿ, ಎತ್ತುಗಳ ದಲಾಲಿ. ಯಾರೋ ಹೇಳಿದ ಟಗರು ನೋಡಲು ಅವನೂ ಹುಕ್ಕೇರಿಗೇ ಹೊರಟಿದ್ದ. ಘಟಪ್ರಭಾ ದಾಟುವಷ್ಟರಲ್ಲಿ ಶಿದ್ರಾಮನ ಹೊಟ್ಟೆಯಲ್ಲಿದ್ದ ಗುಟ್ಟೆಲ್ಲ ಕಾಕಾನ ಕೈಗೆ ಬಂದಿತ್ತು. ಎಲ್ಲ ಕೇಳಿ ಕಾಕಾ ತಲೆ ಅಲ್ಲಾಡಿಸಿದ. ಬೇಕು ಎಂದು ಬಾಯಿ ಬಿಟ್ಟವನು ಸಂತೆಯಲ್ಲಿ ಕೆಟ್ಟ ಎನ್ನುವುದು ಅವನ ಮೂವತ್ತು ವರ್ಷದ ಅನುಭವ.

"ಮೂಡಲಗಿ ಸಂತ್ಯಾಗ ಮರಿ ಹಾಕ್ಸಾಕ ಕುರಿ ಹಿಂಡಿಗೆ ಬಿಡೂ ಟಗರು ಬೇಕಾದ್ರ ನಾವು ಹಿಂಡಿಗೆ ಅಂತ ಹೇಳ್ತೇವೇನು? ಕೊಯ್ಯಾಕ ಅಂತೇವಿ. ಹಿಂಡಿಗೆ ಅಂದ್ರ ಒಂದು ರೇಟು, ಖಂಡಕ್ಕ ಅಂದ್ರ ಒಂದು ರೇಟು. ಖಂಡದ ರೇಟಿನ್ಯಾಗ ತಗೊಂಡು, ಮನಿಗೆ ಒಯ್ದು ಹಿಂಡಿಗೆ ಬಿಟ್ಟರ ಯಾರ ಕೇಳ್ತಾರ? ಎಂಜಿನ್ನಿಗೂ ಹಂಗ. ಓಡಸಾಕ ಅನಬ್ಯಾಡ. ಕಬ್ಬಿಣಕ್ಕ ಅನ್ನು."

ಶಿದ್ರಾಮನಿಗೆ ಇದು ಬಹಳ ಹಿಡಿಸಿತು. ಜಗತ್ತಿನಲ್ಲಿ ತನ್ನಷ್ಟೇ ಯಾರನ್ನೂ ನಂಬದ ಇನ್ನೊಬ್ಬ ಮನುಷ್ಯ ಸಿಕ್ಕಿದ್ದು ಅವನಿಗೆ ಇದೇ ಮೊದಲು. ಹೆಸರನ್ನೂ ಬದಲಿಸುವುದೆಂದು ಇಬ್ಬರೂ ಮಾತಾಡಿಕೊಂಡರು. ಶಿದ್ರಾಮ ಈಗ ಕೌಜಲಗಿಯ ಮಾಳು, ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗೆ ಕಬ್ಬಿಣ ಹಾಕುವವನು.

ಭರತೇಶ ಸಾವಕಾರರ ಗುಜರಿ ಹುಕ್ಕೇರಿಯ ಹೊರಗೆ ರಸ್ತೆಯ ಮಗ್ಗುಲಲ್ಲೇ ಇತ್ತು. ಟೈರುಗಳ ಗುಡ್ಡೆ, ಕಣ್ಣಿಲ್ಲದ ಲಾರಿ ಮುಖಗಳು, ಒಂದು ಹಳೆಯ ಬಸ್ಸಿನ ಅರ್ಧ ಮೈ, ಹಿಂದೆ ತಗಡಿನ ಶೆಡ್ಡಿನಲ್ಲಿ ಸುತ್ತಿಗೆಯ ಸಪ್ಪಳ. ಸಾವಕಾರ ಎಂದರೆ ಹೊಟ್ಟೆ ಮುಂದೆ ಮಾಡಿಕೊಂಡ, ಮೀಸೆಯ ಮನುಷ್ಯ ಇರುತ್ತಾನೆಂದುಕೊಂಡಿದ್ದ ಶಿದ್ರಾಮ. ನೋಡಿದರೆ ತೆಳ್ಳಗಿನ, ಕನ್ನಡಕದ, ಮೆತ್ತಗೆ ಮಾತಾಡುವ ಮನುಷ್ಯ. ಬಂದವರಿಗೆ ಮೊದಲು ನೀರು ಕೊಟ್ಟ, ಕುರ್ಚಿ ಕೊಟ್ಟ. ಶಿದ್ರಾಮನ ಸಂಶಯ ಅಲ್ಲಿಂದಲೇ ಶುರುವಾಯಿತು. ವ್ಯಾಪಾರಕ್ಕೆ ಮುಂಚೆ ಕುರ್ಚಿ ಕೊಡುವವನು ವ್ಯಾಪಾರದಲ್ಲಿ ಏನು ಕಸಿಯುತ್ತಾನೋ.

ಯಲ್ಲಪ್ಪ ಕಾಕಾ ಮುಂದೆ ಬಂದು ತನ್ನ ಹೆಸರು, ಸಂತೆ, ದಲಾಲಿತನ ಎಲ್ಲ ಹೇಳಿದ. ಸಾವಕಾರನ ತೋಟಕ್ಕೂ ಹಿಂದೊಮ್ಮೆ ಅವನೇ ಎತ್ತು ಕೊಡಿಸಿದ್ದ ಎಂದು ತಿಳಿದು ಇಬ್ಬರೂ ನಕ್ಕರು. "ಇಂವಾ ಕೌಜಲಗಿ ಮಾಳು, ಕಬ್ಬಿಣದ ವ್ಯಾಪಾರ. ನಾ ಜವಾಬ್ದಾರಿ" ಎಂದ ಕಾಕಾ. ಆಗ ಗುಜರಿಗೆ ಅಂಟಿಕೊಂಡೇ ಇದ್ದ ಮನೆಯ ಬಾಗಿಲಲ್ಲಿ ಕೂತಿದ್ದ ಸಾವಕಾರನ ತಾಯಿ ಜಿನ್ನವ್ವ ಮಗನಿಗೆ ಮರಾಠಿಯಲ್ಲಿ ಏನೋ ಅಂದಳು; ಮಗನೂ ಮರಾಠಿಯಲ್ಲೇ ಉತ್ತರ ಕೊಟ್ಟ. ತಮಗೆ ತಿಳಿಯಬಾರದೆಂದೇ ಬೆಲೆಯ ಮಾತು ಆಡುತ್ತಿದ್ದಾರೆಂದು ಶಿದ್ರಾಮ ಕಿವಿ ನಿಮಿರಿಸಿದ. ಬಿಸಿಲಲ್ಲಿ ಬಂದವರು ಊಟ ಮಾಡಿದ್ದಾರೋ ಇಲ್ಲವೋ ಕೇಳು ಎಂದು ಆ ಮುದುಕಿ ಅಂದಿದ್ದಳು, ಅಷ್ಟೆ.

ಎಂಜಿನ್ ಸಿಕ್ಕಿದ್ದು ಶೆಡ್ಡಿನ ಮೂಲೆಯಲ್ಲಿ. ಅವನ ಟೆಂಪೋದ್ದೇ ಜಾತಿ, ಒಂದು ಟೈರಿನ ಮೇಲೆ ಕೂಡಿಸಿದ್ದರು. ಹೆಡ್ಡು ಬಿಚ್ಚಿ ಪಕ್ಕದಲ್ಲಿಟ್ಟಿದ್ದರು, ನೋಡುವವರಿಗೆ ಅನುಕೂಲವಾಗಲಿ ಎಂದು.  ಆದರೆ ಕಬ್ಬಿಣ ಕೊಳ್ಳಲು ಬಂದವನು ಎಂಜಿನ್ ಪರೀಕ್ಷೆ ಮಾಡುವುದು ಹೇಗೆ?

ಮೊದಲು ಸುಮ್ಮನೆ ಒರಗಿದವನಂತೆ ಆಯಿಲ್ ಮುಚ್ಚಳ ತಿರುಗಿಸಿ ಒಳಗೆ ಬೆರಳಾಡಿಸಿದ. ಮಜ್ಜಿಗೆ ಇರಲಿಲ್ಲ. ಎಣ್ಣೆ ಎಷ್ಟಿದೆ ನೋಡಿದೆ, ಎಣ್ಣೆಯ ತೂಕ ಕಬ್ಬಿಣದಲ್ಲಿ ಸೇರಬಾರದಲ್ಲ ಎಂದು ಸಾವಕಾರನಿಗೆ ವಿವರಿಸಿದ. ಆಮೇಲೆ ಬೋರಿನೊಳಗೆ ಕೈಬಿಟ್ಟು ಅಂಚಿಗೆ ಉಗುರು ಎಳೆದ. ಉಗುರು ಬೆಣ್ಣೆಯ ಮೇಲೆ ಎಳೆದಂತೆ ಜಾರಿತು. ಶಿದ್ರಾಮನಿಗೆ ನಗು ತಡೆಯುವುದೇ ಕಷ್ಟವಾಯಿತು. ಕಬ್ಬಿಣದ ಜಾತಿ ಉಗುರಿಗೆ ಗೊತ್ತಾಗುತ್ತದೆ ಎಂದ. ಶೆಡ್ಡಿನ ಬ್ಯಾಟರಿಯ ಬೆಳಕು ಬಿಟ್ಟು ಪಿಸ್ಟನ್ನಿನ ತಲೆ ನೋಡಿದ. ಒಂದು ಅಂಕಿಯೂ ಇಲ್ಲ, ಕಂಪನಿಯಿಂದ ಬಂದ ಹಾಗೇ ಇದೆ. ಕ್ರ್ಯಾಂಕಿನ ನಟ್ಟಿಗೆ ಪಾನಾ ಹಾಕಿ ತಿರುಗಿಸಿದ. ಪಿಸ್ಟನ್ನುಗಳು ಎಷ್ಟು ಹಗುರಾಗಿ ಮೇಲೆ ಕೆಳಗೆ ಆಡಿದವೆಂದರೆ ಅವನ ಕಣ್ಣಲ್ಲಿ ನೀರೇ ಬಂತು.

ಭರತೇಶ ಕನ್ನಡಕ ಸರಿಮಾಡಿಕೊಂಡು ಇದನ್ನೆಲ್ಲ ನೋಡುತ್ತ ನಿಂತಿದ್ದ. ಇಪ್ಪತ್ತು ವರ್ಷದಿಂದ ಗುಜರಿ ನಡೆಸುತ್ತಿದ್ದೇನೆ, ಕಬ್ಬಿಣವನ್ನು ತಿರುಗಿಸಿ ನೋಡುವವರನ್ನು ಇವತ್ತೇ ಕಂಡೆ ಎಂದ. ಕಾಕಾ ನಡುವೆ ಬಾಯಿ ಹಾಕಿ, ನಮ್ಮ ಕಡೆ ಹಾಗೆಯೇ ನೋಡುವುದು ಎಂದ. ತಾನೂ ಸುಮ್ಮನಿರಲಾರದೆ ಎಂಜಿನ್ನಿನ ಬೆನ್ನು ಚಪ್ಪರಿಸಿ, ಸುತ್ತು ಹಾಕಿ, ವಯಸ್ಸೆಷ್ಟು ಎಂದು ಕೇಳಿ, ರೂಢಿಯಂತೆ ಹಲ್ಲು ಎಣಿಸಲು ಬಗ್ಗಿದವನು ನಾಚಿಕೊಂಡು ಎದ್ದ. ಶಿದ್ರಾಮ ಪಾನಾದಿಂದ ಬ್ಲಾಕನ್ನು ಬಡಿದ. ಗುಡಿಯ ಗಂಟೆಯ ಸಪ್ಪಳ ಬಂತು.

ಇಷ್ಟು ಒಳ್ಳೆಯ ಎಂಜಿನ್ ಇಲ್ಲಿ ಯಾಕೆ ಬಿದ್ದಿದೆ ಎಂಬ ಹೊಸ ಸಂಶಯ ಅವನಿಗೆ ಬರುವಷ್ಟರಲ್ಲಿ ಸಾವಕಾರನೇ ಬಾಯಿಬಿಟ್ಟ.

"ಅದು ಕೊಡೂದಲ್ರಿ ಮಾಳಪ್ಪಾರ. ಮೇಲವಂಕಿ ಶಿದ್ರಾಮ ಅಂತ ಒಬ್ಬರಿಗೆ ತಗದ ಇಟ್ಟೇನಿ. ನಮ್ಮ ಲಗಮಣ್ಣ ಮಿಸ್ತ್ರಿ ಹೇಳ್ಯಾನ. ಪಾಪ, ಹಾಲಿನ ಗಾಡಿ ನಿಂತೈತಂತ. ಬ್ಯಾರೆ ಕಬ್ಬಿಣ ಬೇಕಾದಷ್ಟ ಐತಿ, ಅದರಾಗ ಆರಸ್ರಿ."

 ಶಿದ್ರಾಮನ ಎಂಜಿನ್ನಿಗೆ ಶಿದ್ರಾಮನೇ ಅಡ್ಡ ನಿಂತಂತಾಗಿತ್ತು. ಇನ್ನೊಬ್ಬನಾಗಿದ್ದರೆ ಅಲ್ಲಿಯೇ, ಆ ಶಿದ್ರಾಮ ನಾನೇ ಎಂದು ನಕ್ಕುಬಿಡುತ್ತಿದ್ದ. ಆದರೆ ನಮ್ಮ ಶಿದ್ರಾಮನ ತಲೆ ಓಡಿದ್ದೇ ಬೇರೆ ಕಡೆ. ನೋಡಿದಿರಾ, ಲಗಮಣ್ಣ ಮೊದಲೇ ಮಾತಾಡಿ ಇಟ್ಟಿದ್ದಾನೆ. ಅಂದರೆ ಇವರಿಬ್ಬರ ನಡುವೆ ಬೆಲೆಯೂ, ಪಾಲೂ ಎಲ್ಲ ನಿಶ್ಚಯವಾಗಿದೆ. ಶಿದ್ರಾಮನಾಗಿ ಕೊಂಡರೆ ಆ ಪಾಲು ತನ್ನ ತಲೆಯ ಮೇಲೆ. ಮಾಳುವಾಗಿ 'ಕಬ್ಬಿಣಕ್ಕ' ಎಂದು ಕೊಂಡರೆ ಬರೀ ತೂಕದ ಬೆಲೆ. ಸಂಶಯ ಪಿಶಾಚಿ ಎನ್ನುತ್ತಾರೆ. ಅವತ್ತು ಅದು ಕುರ್ಚಿ ಹಾಕಿಕೊಂಡು ಅವನ ಹೆಗಲ ಮೇಲೆಯೇ ಕೂತಿತ್ತು.

ಹಾಗಾಗಿ ಅವನು ಆ ಮೇಲವಂಕಿ ಶಿದ್ರಾಮನನ್ನು ಚೆನ್ನಾಗಿ ಬಲ್ಲೆ ಎಂದು ಶುರುಮಾಡಿದ. ಅವನು ಹೇಳಿದ ದಿನಕ್ಕೆ ಬರುವ ಗಿರಾಕಿಯಲ್ಲ. ಬಂದರೂ ಹತ್ತು ತಪ್ಪು ತೆಗೆದು ಹೋಗುವವನು. ಯಾರನ್ನೂ ನಂಬದ, ಯಾರೂ ನಂಬಬಾರದ ಮನುಷ್ಯ. ಕಾಕಾ ಪಕ್ಕದಲ್ಲಿ ನಿಂತು, ಖರೆ ಐತಿ, ಖರೆ ಐತಿ ಎಂದು ಮನಃಪೂರ್ವಕವಾಗಿ ತಲೆದೂಗುತ್ತಿದ್ದ. ಆ ತಲೆದೂಗುವಿಕೆಯಲ್ಲಿ ನಟನೆ ಬಹಳ ಕಡಿಮೆಯಿದ್ದದ್ದು ಶಿದ್ರಾಮನ ಮನಸ್ಸಿಗೆ ಚುಚ್ಚಿತು.

ಸಾವಕಾರ ಮಾತ್ರ ಜಗ್ಗಲಿಲ್ಲ. ಮಾತು ಕೊಟ್ಟಿದ್ದೇನೆ, ಅವರನ್ನೇ ಒಂದು ಮಾತು ಕೇಳಿಬಿಡುತ್ತೇನೆ, ಲಗಮಣ್ಣ ನಂಬರು ಕೊಟ್ಟಿದ್ದಾನೆ ಎಂದು ಫೋನು ತೆಗೆದ. ಶಿದ್ರಾಮನ ಕಿಸೆಯಲ್ಲಿದ್ದ ಫೋನು ಒಮ್ಮೆ ಮೈಮುರಿದಂತೆ ಅವನಿಗೆ ಅನಿಸಿತು. "ನೀರಿಗೆ ಹೋಗಿ ಬರ್ತೇನ್ರಿ" ಎಂದವನೇ ಆ ಅರ್ಧ ಬಸ್ಸಿನ ಹಿಂದಕ್ಕೆ ಓಡಿದ. ಮರೆಯಾಗುವುದಕ್ಕೂ ಫೋನು ಬಡಿದುಕೊಳ್ಳುವುದಕ್ಕೂ ಸರಿಯಾಯಿತು. ಹೆಗಲ ಮೇಲಿನ ಹಳದಿ ಟಾವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು, ಗಂಟಲು ದಪ್ಪ ಮಾಡಿ, ಹಲೋ ಎಂದ.

"ನಮಸ್ಕಾರ್ರಿ, ಮೇಲವಂಕಿ ಶಿದ್ರಾಮ ಅವರೇನ್ರಿ? ನಾ ಹುಕ್ಕೇರಿ ಭರತೇಶ. ಭಾಳ ಗದ್ದಲ ಕೇಳಸ್ತೈತೆಲ್ರಿ."

"ಲಗ್ನದ ಮನಿಯಾಗ ಅದೀನ್ರಿ. ಹಂದರ ಬಡಿಯಾಕತ್ತಾರ."

"ಹೌದ್ರಿ? ನಮ್ಮಲ್ಲೂ ಹಿಂಗ ಬಡಿಯಾಕತ್ತಾರ." ಸಾವಕಾರನ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಎಂಜಿನ್ ತೆಗೆದಿಟ್ಟಿದ್ದೇನೆ, ಯಾವಾಗ ಬರುತ್ತೀರಿ, ಇಲ್ಲಿ ಇನ್ನೊಬ್ಬರು ಅದನ್ನೇ ಬೇಡುತ್ತಿದ್ದಾರೆ ಎಂದ.

"ನನಗ ಬ್ಯಾಡ್ರಿ ಸಾವಕಾರ್ರ. ಅವರಿಗೆ ಕೊಟ್ಟಬಿಡ್ರಿ. ಪಾಪ, ಅವರಿಗೂ ಏನ ಅಡಚಣಿ ಇರತೈತೋ" ಎಂದು ಶಿದ್ರಾಮ ಟಾವೆಲ್ಲಿನೊಳಗಿಂದ ದೊಡ್ಡ ಮನಸ್ಸು ಮಾಡಿದ.

ಮರಳಿ ಬಂದಾಗ ಸಾವಕಾರನ ಮುಖ ಅರಳಿತ್ತು. ಎಂಥ ಸಂಭಾವಿತ ಮನುಷ್ಯ, ಲಗ್ನದ ಗದ್ದಲದಲ್ಲೂ ಇನ್ನೊಬ್ಬರ ಅಡಚಣೆ ನೆನೆಸಿದ, ನೀವು ಅವರ ಬಗ್ಗೆ ಹಾಗೆಲ್ಲ ಮಾತಾಡಬಾರದಿತ್ತು ಎಂದು ಶಿದ್ರಾಮನನ್ನೇ ಮೆಲ್ಲಗೆ ಬೈದ. ಶಿದ್ರಾಮ ತಪ್ಪೊಪ್ಪಿಕೊಂಡ. ಎಂಜಿನ್ ಕಾಟಾದ ಮೇಲೆ ಏರಿತು. ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದರು. ಓಡುವ ಎಂಜಿನ್ನಿಗೆ ಲಗಮಣ್ಣ ಹೇಳಿದ್ದ ಅಂದಾಜಿನ ಮೂರನೆಯ ಪಾಲೂ ಅದು ಇರಲಿಲ್ಲ. "ಫೌಂಡ್ರಿಗೆ ಅಲ್ಲೇನ್ರಿ?" ಎಂದು ಸಾವಕಾರ ಇನ್ನೊಮ್ಮೆ ಕೇಳಿದ. "ಫೌಂಡ್ರಿಗೇರಿ" ಎಂದು ಶಿದ್ರಾಮ ಗಟ್ಟಿಯಾಗಿ ಹೇಳಿ ರೊಕ್ಕ ಕೊಟ್ಟ. ಕಾಕಾ ಅವನ ತೊಡೆ ಚಿವುಟಿದ.

ಜಿನ್ನವ್ವ ಬಿಡಲಿಲ್ಲ. ಉಣ್ಣದೆ ಹೋಗುವ ಹಾಗಿಲ್ಲ ಎಂದು ಇಬ್ಬರನ್ನೂ ಪಡಸಾಲೆಯಲ್ಲಿ ಕೂಡಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ ತಂದಿಟ್ಟಳು. ಪುಕ್ಕಟೆ ಊಟ ಯಾಕೆ ಹಾಕುತ್ತಾರೆ ಎಂದು ಶಿದ್ರಾಮ ಮಜ್ಜಿಗೆಯನ್ನು ಮೂಸಿ ನೋಡಿ ಕುಡಿದ. ಹೊರಗೆ ಶೆಡ್ಡಿನಿಂದ ಢಣ್ ಢಣ್ ಎಂದು ಭಾರಿ ಸುತ್ತಿಗೆಯ ಏಟು ಕೇಳುತ್ತಿತ್ತು. ಯಾರ ಎಂಜಿನ್ನೋ ಪಾಪ ಎಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಬದುಕಿನಲ್ಲಿ ಮೊದಲ ಸಲ ಅವನಿಗೆ ಪರರ ಬಗ್ಗೆ ಕನಿಕರ ಹುಟ್ಟಿತ್ತು.

ಕೈ ತೊಳೆದು ಹೊರಗೆ ಬಂದು ನೋಡಿದರೆ ಟೈರಿನ ಮೇಲೆ ಎಂಜಿನ್ ಇಲ್ಲ. ಆಳು ರಾಜಪ್ಪ ಬೆವರು ಒರೆಸಿಕೊಳ್ಳುತ್ತ ಮೂರು ಗೋಣಿಚೀಲದ ಬಾಯಿ ಹೊಲಿಯುತ್ತಿದ್ದ. ಒಂದು ಚೀಲದಿಂದ ಬೋರಿನ ಅರ್ಧ ಹೋಳು ಹೊರಗೆ ಇಣುಕುತ್ತಿತ್ತು. ಉಗುರು ಬೆಣ್ಣೆಯಂತೆ ಜಾರಿದ್ದ ಅದೇ ಬೋರು.

"ಇಡೀ ಬ್ಲಾಕು ಫೌಂಡ್ರಿಯವರು ತಗೊಳ್ಳೂದಿಲ್ಲ ಅಂತ ನಿಮಗ ಗೊತ್ತೈತೆಲ್ರಿ. ಭಟ್ಟಿಯೊಳಗ ಹಿಡಿಯೂದಿಲ್ಲ" ಎಂದ ಭರತೇಶ. "ಕಬ್ಬಿಣಕ್ಕ ಕೊಟ್ಟದ್ದು ನಾವ ಒಡದ ಕೊಡತೇವ್ರಿ. ಕೂಲಿ ನಿಮ್ಮ ಮ್ಯಾಲೆ ಹಾಕಿಲ್ಲ."

ಶಿದ್ರಾಮ ಚೀಲದ ಮೇಲೆ ಕುಸಿದು ಕೂತ. ನಿಜವಾಗಿಯೂ ಅತ್ತುಬಿಟ್ಟ. ಅದು ಓಡಿಸಲು ಬೇಕಾಗಿತ್ತು, ಕಬ್ಬಿಣಕ್ಕಲ್ಲ ಎಂದು ಬಿಕ್ಕುತ್ತ ಹೇಳಿದ. ಸಾವಕಾರನಿಗೆ ಏನೂ ತಿಳಿಯಲಿಲ್ಲ. ಓಡಿಸಲು ಎಂದಿದ್ದರೆ ಹಾಗೇ ಕೊಡುತ್ತಿದ್ದೆ, ಲಗಮಣ್ಣನ ಹೆಸರು ಹೇಳಿದವರಿಗೆ ನಾವು ಓಡುವ ಎಂಜಿನ್ನನ್ನೂ ತೂಕದ ಬೆಲೆಗೇ ಕೊಡುವುದು, ಅವನು ನಮಗೆ ಬಹಳ ಉಪಕಾರ ಮಾಡಿದ್ದಾನೆ ಎಂದ. ಆ ಮಾತು ರಾಜಪ್ಪನ ಸುತ್ತಿಗೆಗಿಂತ ಜೋರಾಗಿ ಶಿದ್ರಾಮನ ಎದೆಗೆ ಬಿತ್ತು. ಮುದುಕಿಗೆ ಅವನ ಅಳು ನೋಡಿ ಮರುಕ ಬಂತು. ಹಿಂದೆ ಇನ್ನೊಂದು ಇದೆಯಲ್ಲ, ಮೊನ್ನೆ ಬಂದ ಗಾಡಿಯದು, ಅದನ್ನು ಕೊಡು ಎಂದು ಮಗನಿಗೆ ಹೇಳಿದಳು. ಈ ಸಲ ಕನ್ನಡದಲ್ಲೇ ಹೇಳಿದಳು.

ಭರತೇಶ ತಲೆ ಅಲ್ಲಾಡಿಸಿದ. ಇದಕ್ಕಿಂತಲೂ ಒಳ್ಳೆಯ ಎಂಜಿನ್ ಅದು, ಖರೆ. ಆದರೆ ಆ ಶಿದ್ರಾಮ ಎಂಬ ದೊಡ್ಡ ಮನುಷ್ಯ ಒಂದನ್ನು ಬಿಟ್ಟುಕೊಟ್ಟಿದ್ದಾನೆ, ಇದನ್ನಾದರೂ ಅವನಿಗೇ ಕೊಡಬೇಕು.

"ಸಾವಕಾರ್ರ, ನಾನ ಆ ಶಿದ್ರಾಮ" ಎಂದ ಶಿದ್ರಾಮ.

 ಭರತೇಶ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅವನನ್ನು ನೋಡಿದ. ಒಂದು ಗಂಟೆಯ ಹಿಂದೆ ಶಿದ್ರಾಮನನ್ನು ಬಾಯಿಗೆ ಬಂದಂತೆ ಬೈದವನೂ ನೀನೇ, ಶಿದ್ರಾಮನೂ ನೀನೇ? ಶಿದ್ರಾಮ ಲಗ್ನದ ಮನೆಯಲ್ಲಿದ್ದಾನೆ, ನಾನೇ ಮಾತಾಡಿದ್ದೇನೆ. ಗುರುತಿನ ಕಾರ್ಡು ತೋರಿಸು ಎಂದ. ಕಾರ್ಡು ಮೇಲವಂಕಿಯ ಟ್ರಂಕಿನಲ್ಲಿತ್ತು. ಲಗಮಣ್ಣನಿಗೆ ಫೋನು ಹಚ್ಚಿದರು; ಗಾಡಿಯ ಬುಡಕ್ಕೆ ಹೊಕ್ಕರೆ ಅವನು ಫೋನು ಎತ್ತುವ ಪೈಕಿ ಅಲ್ಲ. ಶಿದ್ರಾಮನಿಗೆ ತಟ್ಟನೆ ಹೊಳೆಯಿತು. ಶಿದ್ರಾಮನ ನಂಬರಿಗೆ ಈಗ ಹಚ್ಚಿ ನೋಡಿ ಎಂದ. ಸಾವಕಾರ ಹಚ್ಚಿದ. ಶಿದ್ರಾಮನ ಕಿಸೆ ರಿಂಗಣಿಸಿತು. ಗೆದ್ದವನಂತೆ ಫೋನನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಅಯ್ಯ ನಮ್ಮವ್ವ, ಲಗ್ನದ ಗದ್ದಲದಾಗ ಅವರ ಫೋನ್ ಹೊಡದಾನ ಇಂವಾ" ಎಂದಳು ಜಿನ್ನವ್ವ.

ಕುರಿ ಕಾಣೆಯಾದವನು ತೋಳವನ್ನು ನೋಡುವಂತೆ ಈಗ ಎಲ್ಲರೂ ಅವನನ್ನು ನೋಡಿದರು. ನೀರಿಗೆ ಹೋಗುತ್ತೇನೆಂದು ಅರ್ಧ ಬಸ್ಸಿನ ಹಿಂದಕ್ಕೆ ಓಡಿದ್ದನ್ನು ರಾಜಪ್ಪ ನೆನಪಿಸಿದ. ಹಿಂದೆ ಜೊತೆಯವನು ಯಾರೋ ಇದ್ದಿರಬೇಕು, ಕೈಯಿಂದ ಕೈಗೆ ಕೊಟ್ಟಿರಬೇಕು ಎಂದು ಅವನೇ ಕತೆಯನ್ನು ಪೂರ್ತಿ ಮಾಡಿದ. ಅದೇ ಹೊತ್ತಿಗೆ ಸಾವಕಾರ ಆ ಫೋನಿನೊಡನೆಯೇ ಮಾತಾಡುತ್ತಿದ್ದದ್ದು ಯಾರಿಗೂ ನೆನಪಾಗಲಿಲ್ಲ. ಇನ್ನು ಉಳಿದದ್ದು ಕಾಕಾ ಒಬ್ಬನೇ. ಶಿದ್ರಾಮ ಅವನ ಕೈ ಹಿಡಿದು, ಖರೆ ಹೇಳು ಕಾಕಾ, ನಾ ಯಾರು ಅಂತ ಹೇಳು ಎಂದು ಬೇಡಿಕೊಂಡ.

ಯಲ್ಲಪ್ಪ ಕಾಕಾ ಒಂದು ಗಳಿಗೆ ಯೋಚಿಸಿದ. ಮಾಳು ಎಂದು ಜವಾಬ್ದಾರಿ ಹೊತ್ತವನು ಈಗ ಶಿದ್ರಾಮ ಎಂದರೆ ತಾನು ಸುಳ್ಳ. ಸುಳ್ಳ ಎನಿಸಿಕೊಂಡ ದಲಾಲಿಯ ಮಾತಿಗೆ ನಾಳೆ ಸಂತೆಯಲ್ಲಿ ಕೋಳಿಯೂ ಮಾರಾಟವಾಗುವುದಿಲ್ಲ. "ನನಗೂ ಬಸ್ಸಿನ್ಯಾಗ ಗುರ್ತಾದಂವ್ರಿ" ಎಂದ. "ಮಾಳು ಅಂತ ಹೇಳಿದ, ನಂಬೀದ್ನಿ." ಹೇಳಿ, ಟಗರು ನೋಡಲು ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ಪೊಲೀಸರಿಗೆ ಹೇಳೋಣ ಎಂದ ರಾಜಪ್ಪ. ನಮ್ಮ ಮನೆಯ ಊಟ ಉಂಡಿದ್ದಾನೆ, ಹೋಗಲಿ ಬಿಡು ಎಂದಳು ಮುದುಕಿ. ಭರತೇಶ ನ್ಯಾಯವಂತ. ಕಬ್ಬಿಣಕ್ಕೆ ನೀನು ರೊಕ್ಕ ಕೊಟ್ಟಿದ್ದೀ, ಅದು ನಿನ್ನದು, ಒಯ್ಯಿ. ಫೋನು ನಿನ್ನದಲ್ಲ, ಅದು ಇಲ್ಲಿರಲಿ, ಶಿದ್ರಾಮ ಎಂಜಿನ್ ಒಯ್ಯಲು ಬಂದಾಗ ಅವನ ಕೈಗೇ ಕೊಡುತ್ತೇನೆ ಎಂದ. ಆಮೇಲೆ ತನ್ನ ದೊಡ್ಡ ಫೋನನ್ನು ಶಿದ್ರಾಮನ ಮುಖದ ಎದುರಿಗೆ ಸ್ವಲ್ಪ ಹೊತ್ತು ಎತ್ತಿ ಹಿಡಿದ. ರೇಂಜ್ ಸಿಗುತ್ತಿಲ್ಲವೇನೋ ಎಂದುಕೊಂಡ ಶಿದ್ರಾಮ.

ಮೂರು ಚೀಲಕ್ಕೂ ಕಂಡಕ್ಟರ್ ಲಗೇಜು ಟಿಕೀಟು ಹರಿದ. ಗೋಕಾಕಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಚೀಲಗಳನ್ನು ಒಂದೊಂದಾಗಿ ಎಳೆಯುತ್ತ ಮೇಲವಂಕಿ ಬಸ್ಸು ನಿಲ್ಲುವ ಜಾಗಕ್ಕೆ ಹೋಗುವಾಗ ಎದುರಿನ ಗ್ಯಾರೇಜಿನಿಂದ ಲಗಮಣ್ಣ ಕೂಗಿ ಕರೆದ. ಯಲ್ಲೇಶನ ಗಾಡಿಗೆ ಗ್ರೀಸ್ ಹೊಡೆಯುತ್ತಿದ್ದ. ಯಲ್ಲೇಶ ಪಕ್ಕದಲ್ಲಿ ಸ್ಟೂಲಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ಲಗ್ನ ಹೇಗಾಯಿತು ಎಂದು ಕೇಳಿದ ಲಗಮಣ್ಣ. ಚೆನ್ನಾಗಾಯಿತು ಎಂದ ಶಿದ್ರಾಮ. ಚೀಲದಲ್ಲಿ ಏನು ಖಣಖಣ ಎನ್ನುತ್ತಿದೆ ಎಂದದ್ದಕ್ಕೆ, ಲಗ್ನದ ಮನೆಯ ಪಾತ್ರೆ ಎಂದ.

ಲಗಮಣ್ಣನಿಗೆ ಹೇಳಲು ಬೇರೆಯೇ ಸುದ್ದಿಯಿತ್ತು. ನಿನ್ನ ಫೋನಿಗೆ ಹಚ್ಚಿದರೆ ಭರತೇಶ ಸಾವಕಾರರು ಎತ್ತಿದರು ಎಂದು ಶುರುಮಾಡಿದ. ಲಗ್ನದಲ್ಲಿ ನಿನ್ನ ಫೋನು ಕಳುವಾದದ್ದು ನಿನಗೇ ಗೊತ್ತಿಲ್ಲ. ಯಾವನೋ ಕಳ್ಳ ಅದನ್ನು ಹೊಡೆದು, ನಿನ್ನ ಹೆಸರು ಹೇಳಿಕೊಂಡು ಎಂಜಿನ್ ಎತ್ತಲು ಹುಕ್ಕೇರಿಗೇ ಹೋಗಿದ್ದನಂತೆ. ದೇವರಂಥ ಸಾವಕಾರರು, ಫೋನು ಕಸಿದುಕೊಂಡಿದ್ದಾರೆ. ಎಂಜಿನ್ನನ್ನು ಸೋಮವಾರದವರೆಗೆ ಬೇರೆ ಯಾರಿಗೂ ಕೊಡುವುದಿಲ್ಲವಂತೆ. ನನ್ನ ಕೈಗೂ ಕೊಡುವುದಿಲ್ಲ, ಕಳ್ಳರು ತಿರುಗಾಡುತ್ತಿದ್ದಾರೆ, ಶಿದ್ರಾಮನೇ ಖುದ್ದು ಬರಲಿ ಎಂದರು.

"ನಾಳೆ ಮುಂಜಾನೆ ಮೊದಲನೇ ಬಸ್ಸಿಗೆ ಹೋಗು" ಎಂದ ಲಗಮಣ್ಣ. "ಮಾರಿ ತೋರಿಸಿದ್ರ ಸಾಕು, ತೂಕದ ರೇಟಿನ್ಯಾಗ ಕೊಡ್ತಾರ. ಆ ಕಳ್ಳಂದೂ ಫೋಟೋ ಹೊಡದಾರಂತ, ನಮ್ಮ ಗ್ಯಾರೇಜಿನವರ ಗ್ರೂಪಿಗೆ ಹಾಕೇನಿ ಅಂದ್ರು. ಕೈಯಾಗ ಗ್ರೀಸ್ ಇತ್ತು, ತಗದ ನೋಡಿಲ್ಲ. ತಡಿ."

ಲಗಮಣ್ಣ ಚಿಂದಿಯಿಂದ ಕೈ ಒರೆಸಿಕೊಂಡು ಫೋನು ತೆಗೆದ. ಯಲ್ಲೇಶ ಚಹಾ ಕೆಳಗಿಟ್ಟು ಎದ್ದು ಬಂದು ಅವನ ಬೆನ್ನ ಹಿಂದಿನಿಂದ ಬಗ್ಗಿದ. ಫೋಟೋ ಇನ್ನೂ ಪೂರ್ತಿ ತೆರೆದಿರಲಿಲ್ಲ.

"ಮಾರಿ ಮಬ್ಬ ಐತಿ" ಎಂದ ಯಲ್ಲೇಶ. "ಹೆಗಲ ಮ್ಯಾಲೆ ಹಳದಿ ಟಾವೆಲ್ ಕಾಣಾಕತ್ತೈತಿ."

ಶಿದ್ರಾಮ ಮೆಲ್ಲಗೆ ಹೆಗಲಿಗೆ ಕೈ ಹಾಕಿ, ಹಳದಿ ಟಾವೆಲ್ಲನ್ನು ಎಳೆದು ಕಿಸೆಯೊಳಗೆ ತುರುಕತೊಡಗಿದ.